ಹೊರಗಿನಿಂದ ಕೊಡುವ ಮಿಡಿತ

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ ಸಾಮಾನ್ಯವಾಗಿ 60ರಿಂದ 100 ಸಲ ಮಿಡಿಯುತ್ತದೆ. ಆ ಎಣಿಕೆ 30ಕ್ಕೋ 25ಕ್ಕೋ ಇಳಿದು ಅಲ್ಲಿಯೇ ನಿಂತರೆ ಮಿದುಳಿಗೂ ಮೂತ್ರಪಿಂಡಗಳಿಗೂ ಹೋಗಬೇಕಾದ ರಕ್ತ ಸಾಲದೆ, ಕುಳಿತವರು ಕುಳಿತಲ್ಲೇ ಕಣ್ಣಿಗೆ ಕತ್ತಲು ಕಟ್ಟಿ ಒರಗಿಬಿಡುತ್ತಾರೆ. ಹೃದಯಾಘಾತ, ಸ್ಟೆಂಟ್, ಬೈಪಾಸ್ ಎಂಬ ಮಾತುಗಳು ಈಗ ಹಳ್ಳಿಯ ಅರಳಿಕಟ್ಟೆಯ ಮೇಲೂ ಕೇಳಿಬರುತ್ತಿದ್ದರೂ, ಹೃದಯ ತೀರಾ ನಿಧಾನವಾಗುವುದೂ ಅಷ್ಟೇ ಅಪಾಯದ ಸಂಗತಿ ಎಂಬ ತಿಳಿವಳಿಕೆ ಜನರಲ್ಲಿ ಅಷ್ಟಾಗಿ ಹರಡಿಲ್ಲ. ಇಂತಹ ಸಂದರ್ಭದಲ್ಲಿ ದೇಹವನ್ನು ಕೊಯ್ಯದೆ, ರಕ್ತನಾಳದೊಳಗೆ ತಂತಿ ತೂರಿಸದೆ, ಎದೆಯ ಮೇಲೂ ಬೆನ್ನಿನ ಮೇಲೂ ಅಂಟಿಸಿದ ಎರಡು ಅಗಲವಾದ ಪ್ಯಾಡ್‌ಗಳ ಮೂಲಕ ಸಣ್ಣ ಸಣ್ಣ ವಿದ್ಯುತ್ ತುಡಿತಗಳನ್ನು ಕಳುಹಿಸಿ ಹೃದಯವನ್ನು ಮಿಡಿಯುವಂತೆ ಮಾಡುವ ಚಿಕಿತ್ಸೆಯೊಂದಿದೆ. ವೈದ್ಯರು ಇದನ್ನು ಟ್ರಾನ್ಸ್‌ಕ್ಯುಟೇನಿಯಸ್ ಪೇಸಿಂಗ್, ಅಂದರೆ ಚರ್ಮದ ಮೂಲಕ ನೀಡುವ ಪೇಸಿಂಗ್ ಎನ್ನುತ್ತಾರೆ. ಕೆಲವೇ ನಿಮಿಷಗಳಲ್ಲಿ ಆರಂಭಿಸಬಹುದಾದ, ಆದರೆ ಕೆಲವೇ ಗಂಟೆಗಳ ಮಟ್ಟಿಗೆ ನೆಚ್ಚಬಹುದಾದ ಈ ಉಪಾಯದ ಬೆಲೆ ತಿಳಿಯುವುದು ಹೃದ್ರೋಗ ತಜ್ಞರು ಮಹಡಿಯ ಮೇಲೆಯೇ ಇರುವ ಮಹಾನಗರದ ಆಸ್ಪತ್ರೆಗಳಲ್ಲಿ ಅಲ್ಲ. ತಜ್ಞರಿಗೂ ರೋಗಿಗೂ ನಡುವೆ ಉದ್ದದ ರಸ್ತೆಯೊಂದು ಮಲಗಿರುವ ಊರುಗಳಲ್ಲಿ.

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳು ಅಂತಹ ಊರುಗಳು. ಜೇವರ್ಗಿಯಿಂದ ಶೋರಾಪುರದ ಮೇಲೆ ಇಳಿದುಬರುವ ರಾಷ್ಟ್ರೀಯ ಹೆದ್ದಾರಿ 150ಎ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಒಂದೇ ದಾರಕ್ಕೆ ಪೋಣಿಸಿಕೊಂಡು ಸಿರುಗುಪ್ಪ, ಬಳ್ಳಾರಿಗಳ ಕಡೆ ಸಾಗುತ್ತದೆ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು; ಮಸ್ಕಿ 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೊತ್ತ ಶಿಲಾಶಾಸನದ ಊರು; ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿಯೂ ಮುದಗಲ್ಲಿನ ಕೋಟೆಯೂ ಇವೆ. ಈ ಮೂರು ಊರುಗಳಿಂದ ಜಿಲ್ಲಾಕೇಂದ್ರವಾದ ರಾಯಚೂರು 70ರಿಂದ 90 ಕಿಲೋಮೀಟರುಗಳಷ್ಟು ದೂರದಲ್ಲಿದೆ. ಹೃದಯದ ದೊಡ್ಡ ಚಿಕಿತ್ಸೆಗೆಂದು ಇಲ್ಲಿಯ ಜನ ರಾಯಚೂರಿಗಲ್ಲದೆ ಬಳ್ಳಾರಿಗೆ, ಬಾಗಲಕೋಟೆಗೆ, ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯಿರುವ ಕಲಬುರಗಿಗೆ ಹೋಗುವುದುಂಟು. ಯಾವ ದಿಕ್ಕಿಗೆ ಹೊರಟರೂ ಒಂದೂವರೆ ಗಂಟೆ, ಎರಡು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ವಾಹನದಲ್ಲೇ ಕಳೆಯಬೇಕು. ಗೋವಾ, ಹೈದರಾಬಾದ್, ಬೆಂಗಳೂರುಗಳ ಆಸ್ಪತ್ರೆಗಳ ಹೆಸರು ಹೇಳುವ ಮೊದಲು ಆ ಎರಡು ಗಂಟೆಗಳನ್ನು ರೋಗಿ ದಾಟುವುದು ಹೇಗೆ ಎಂಬುದೇ ಇಲ್ಲಿ ಮೊದಲ ಪ್ರಶ್ನೆ.

ಹೃದಯ ನಿಧಾನವಾಗುವುದು ಹೇಗೆಂದು ತಿಳಿಯಲು ಅದರೊಳಗಿನ ವಿದ್ಯುತ್ ದಾರಿಯನ್ನು ಅರಿಯಬೇಕು, ಅದಕ್ಕೆ ಈ ಭಾಗದ ಓದುಗರಿಗೆ ಕಾಲುವೆಗಿಂತ ಒಳ್ಳೆಯ ಹೋಲಿಕೆ ಇರಲಾರದು. ಹೃದಯದ ಬಲ ಮೇಲ್ಕೋಣೆಯ ಗೋಡೆಯಲ್ಲಿ ಸೈನಸ್ ನೋಡ್ ಎಂಬ ಜೀವಕೋಶಗಳ ಪುಟ್ಟ ಗುಂಪೊಂದಿದ್ದು, ಅಣೆಕಟ್ಟಿನ ಗೇಟಿನಂತೆ ಅದು ಪ್ರತಿ ಮಿಡಿತಕ್ಕೂ ಒಂದು ವಿದ್ಯುತ್ ಅಲೆಯನ್ನು ಬಿಡುತ್ತದೆ. ಆ ಅಲೆ ಮೇಲ್ಕೋಣೆಗಳನ್ನು ಹಾದು, ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ತೂಬಿನಂತಿರುವ ಎ.ವಿ. ನೋಡ್‌ನಲ್ಲಿ ಕ್ಷಣಕಾಲ ತಡೆದು, ಹಿಸ್ ಕಟ್ಟು ಎಂಬ ಮುಖ್ಯ ನಾಲೆಯ ಮೂಲಕ ಎಡಬಲದ ಕವಲುಗಳಿಗೆ ಹರಿದು, ಕೆಳಕೋಣೆಗಳ ಸ್ನಾಯುವಿನ ಮೂಲೆ ಮೂಲೆಗೂ ಹಂಚಿಕೆಯಾಗುತ್ತದೆ. ದೇಹಕ್ಕೆಲ್ಲ ರಕ್ತ ನೂಕುವ ಕೆಳಕೋಣೆಗಳೇ ಇಲ್ಲಿ ಕಾಲುವೆಯ ಕೊನೆಭಾಗದ ಹೊಲಗಳು. ನಡುವಿನ ತೂಬು ಮುಚ್ಚಿಕೊಂಡರೆ ಮೇಲಿನಿಂದ ಅಲೆ ಎಷ್ಟೇ ಸರಿಯಾಗಿ ಹೊರಟರೂ ಕೆಳಗೆ ತಲುಪುವುದಿಲ್ಲ. ಈ ಸ್ಥಿತಿಗೆ ಪೂರ್ಣ ಹಾರ್ಟ್ ಬ್ಲಾಕ್ ಎಂದು ಹೆಸರು. ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಳ್ಳುವುದನ್ನೂ ಜನ 'ಬ್ಲಾಕ್' ಎಂದೇ ಕರೆಯುವುದರಿಂದ ಎರಡನ್ನೂ ಒಂದೆಂದು ತಿಳಿಯುವವರು ಬಹಳ. ಒಂದು ರಕ್ತದ ದಾರಿಯ ತಡೆ, ಇನ್ನೊಂದು ವಿದ್ಯುತ್ತಿನ ದಾರಿಯ ತಡೆ. ಕಾಲುವೆಯ ನೀರು ಬಾರದ ಕೊನೆಭಾಗದ ರೈತ ಬೋರ್‌ವೆಲ್ಲಿನ ಅಷ್ಟಿಷ್ಟು ನೀರಿನಲ್ಲಿ ಪೈರು ಉಳಿಸಿಕೊಳ್ಳಲು ಹೆಣಗುವಂತೆ, ಮೇಲಿನ ಅಲೆ ನಿಂತಾಗ ಕೆಳಕೋಣೆಗಳು ತಮ್ಮದೇ ಶಕ್ತಿಯಿಂದ ನಿಮಿಷಕ್ಕೆ 20ರಿಂದ 40 ಸಲ ಮಿಡಿಯುತ್ತ ಜೀವ ಹಿಡಿದಿಡುತ್ತವೆ. ಆ ಬೋರ್‌ವೆಲ್ ಯಾವ ಗಳಿಗೆಯಲ್ಲಿ ಬತ್ತುತ್ತದೆಯೋ ಹೇಳಲಾಗದು ಎಂಬುದೇ ವೈದ್ಯರ ಆತಂಕಕ್ಕೆ ಕಾರಣ.

ಹೀಗಾಗಲು ಕಾರಣಗಳು ಹಲವು. ವಯಸ್ಸಾದಂತೆ ಈ ವಿದ್ಯುತ್ ದಾರಿಯ ಅಂಗಾಂಶ ಒಣಗಿ ನಾರುಗಟ್ಟುವುದು ಎಲ್ಲಕ್ಕಿಂತ ಸಾಮಾನ್ಯವಾದುದು. ಹೃದಯದ ತಳಭಾಗಕ್ಕೆ ಆಘಾತವಾದಾಗ ಕೂಡ ಮಿಡಿತ ಕುಸಿಯಬಹುದು. ಸುಮಾರು 90 ಪ್ರತಿಶತ ಜನರಲ್ಲಿ ಎ.ವಿ. ನೋಡ್‌ಗೆ ರಕ್ತ ಒದಗಿಸುವುದು ಬಲ ಕರೊನರಿ ರಕ್ತನಾಳವಾದ್ದರಿಂದ ಅದು ಕಟ್ಟಿಕೊಂಡಾಗ ತೂಬಿಗೂ ಬರ ಬಡಿಯುತ್ತದೆ. ಈ ಬಗೆಯ ತಡೆ ಬಹುಪಾಲು ಕೆಲವು ದಿನಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ, ಆದರೆ ಹೃದಯದ ಮುಂಭಾಗದ ದೊಡ್ಡ ಆಘಾತದಲ್ಲಿ ತೂಬಿನ ಕೆಳಗಿನ ನಾಲೆಗಳೇ ಹಾಳಾಗುವುದರಿಂದ ಆ ತಡೆ ಹೆಚ್ಚು ಅಪಾಯಕಾರಿ. ರಕ್ತದೊತ್ತಡಕ್ಕೆಂದು ನುಂಗುವ ಅಟೆನೊಲಾಲ್, ಮೆಟೊಪ್ರೊಲಾಲ್‌ಗಳಂತಹ ಗುಳಿಗೆಗಳು ಹೃದಯದ ವೇಗವನ್ನು ತಗ್ಗಿಸುವ ಗುಣದವೇ ಆಗಿದ್ದು, ವಯಸ್ಸಾದವರಲ್ಲಿ ಮೂತ್ರಪಿಂಡ ಸೋತಾಗ ಅವುಗಳಲ್ಲಿ ಅಟೆನೊಲಾಲ್‌ನ ಪರಿಣಾಮ ಮಿತಿಮೀರಬಹುದು. ಮೂತ್ರಪಿಂಡದ ರೋಗಿಗಳಲ್ಲಿ, ಅದರಲ್ಲೂ ಡಯಾಲಿಸಿಸ್ ತಪ್ಪಿಸಿದವರಲ್ಲಿ, ರಕ್ತದ ಪೊಟ್ಯಾಸಿಯಂ ಏರಿ ಹೃದಯ ನಿಧಾನವಾಗುವುದು ತುರ್ತು ವಿಭಾಗದವರಿಗೆ ಹೊಸದೇನಲ್ಲ. ಅಲ್ಲಿ ಮೊದಲು ಕೊಡಬೇಕಾದ್ದು ರಕ್ತನಾಳದ ಮೂಲಕ ಕ್ಯಾಲ್ಸಿಯಂ. ಪೊಟ್ಯಾಸಿಯಂ ಇಳಿಯದ ಹೊರತು ಹೊರಗಿನ ವಿದ್ಯುತ್ತಿಗೂ ಹೃದಯ ಸರಿಯಾಗಿ ಓಗೊಡುವುದಿಲ್ಲ.

ಭತ್ತ ಮತ್ತು ಹತ್ತಿ ಬೆಳೆಯುವ ನಾಡಿನಲ್ಲಿ ಇನ್ನೊಂದು ಕಾರಣವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬೆಳೆಗೆ ಸಿಂಪಡಿಸುವ ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕಗಳು ಉಸಿರಿನಿಂದಲೋ ಚರ್ಮದಿಂದಲೋ ಬಾಯಿಯಿಂದಲೋ ದೇಹ ಸೇರಿದಾಗ ನರಗಳ ಸಂದೇಶವನ್ನು ಅಳಿಸಬೇಕಾದ ಕಿಣ್ವ ಕಟ್ಟಿಹೋಗಿ, ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಎದೆಯಲ್ಲಿ ಕಫ ತುಂಬಿ, ಕಣ್ಣಪಾಪೆ ಸಾಸಿವೆಯಷ್ಟಾಗಿ, ಹೃದಯ ನಿಧಾನವಾಗುತ್ತದೆ. ಇಲ್ಲಿ ರಾಮಬಾಣ ಅಟ್ರೋಪಿನ್ ಎಂಬ ಚುಚ್ಚುಮದ್ದು. ಎದೆಯ ಕಫ ಒಣಗುವವರೆಗೆ ಅದನ್ನು ಮತ್ತೆ ಮತ್ತೆ ಕೊಡಬೇಕಾಗುತ್ತದೆ, ಪೇಸಿಂಗ್‌ನ ಅಗತ್ಯ ಬೀಳುವುದು ಅಪರೂಪ. ಮನೆಯಂಗಳದಲ್ಲೂ ಗುಡಿಯ ಬಳಿಯೂ ಬೆಳೆಯುವ ಹಳದಿ ಕಣಗಿಲೆಯ ವಿಷ ಇದಕ್ಕಿಂತ ಬೇರೆ ಬಗೆಯದು: ಅದು ಡಿಜಾಕ್ಸಿನ್ ಔಷಧದ ಹಾಗೆ ಹೃದಯದ ಜೀವಕೋಶಗಳ ಮೇಲೆಯೇ ಎರಗಿ ತೂಬನ್ನು ಮುಚ್ಚಿಸುತ್ತದೆ, ಆಗ ಅಟ್ರೋಪಿನ್ ಸಾಲದಿದ್ದಲ್ಲಿ ತಾತ್ಕಾಲಿಕ ಪೇಸಿಂಗ್ ಬೇಕಾಗುತ್ತದೆ. ವಿಷದ ರೋಗಿಗಳಲ್ಲಿ ಹಲವರು ಬಾಳಿನ ಯಾವುದೋ ಕಷ್ಟದ ಗಳಿಗೆಯಲ್ಲಿ ದಾರಿ ಕಾಣದಾದವರು. ಅಂಥವರ ಹೃದಯವನ್ನು ಒಂದೆರಡು ದಿನ ನಡೆಸಿಕೊಟ್ಟರೆ ವಿಷ ಇಳಿದು ಇಡೀ ಆಯುಷ್ಯವೇ ಮರಳಿ ಸಿಗುತ್ತದೆ ಎಂಬ ಕಾರಣಕ್ಕೆ ತಾತ್ಕಾಲಿಕ ಪೇಸಿಂಗ್‌ಗೆ ವಿಶೇಷ ಬೆಲೆಯಿದೆ. ಅಂತಹ ಗಳಿಗೆಯಲ್ಲಿರುವವರೂ ಅವರ ಮನೆಯವರೂ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದಾದ ಟೆಲಿಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416 ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ನಿಧಾನವಾದ ಹೃದಯವನ್ನು ಗುರುತಿಸುವುದರಲ್ಲೇ ಮೊದಲ ಎಡವು ಆಗುತ್ತದೆ. ಮಿಡಿತ ಕೆಲವು ಸೆಕೆಂಡು ನಿಂತಾಗ ರೋಗಿ ಥಟ್ಟನೆ ಬೀಳುತ್ತಾನೆ, ಮುಖ ಬಿಳಿಚುತ್ತದೆ, ಕೈಕಾಲು ಅದುರುವುದೂ ಉಂಟು; ಮಿಡಿತ ಮರಳಿದೊಡನೆ ಮುಖಕ್ಕೆ ರಕ್ತವೇರಿ ಎದ್ದು ಕುಳಿತು, ಏನೂ ಆಗಿಲ್ಲವೆಂಬಂತೆ ಮಾತಾಡುತ್ತಾನೆ. 1827ರಲ್ಲಿ ರಾಬರ್ಟ್ ಆಡಮ್ಸ್ ಮತ್ತು 1846ರಲ್ಲಿ ವಿಲಿಯಂ ಸ್ಟೋಕ್ಸ್ ಎಂಬ ಡಬ್ಲಿನ್‌ನ ವೈದ್ಯರು ನಿಧಾನ ನಾಡಿಗೂ ಈ ಮೂರ್ಛೆಗೂ ಇರುವ ನಂಟನ್ನು ಬರೆದಿಟ್ಟ ಕಾರಣ ಇದಕ್ಕೆ ಅವರಿಬ್ಬರ ಹೆಸರೇ ನಿಂತಿದೆ. ಹಳ್ಳಿಗಳಲ್ಲಿ ಇದನ್ನು ಪಿತ್ತವೆಂದು ಕರೆದು ನಿಂಬೆಹಣ್ಣಿನ ಶರಬತ್ತು ಕುಡಿಸುವುದು, ಫಿಟ್ಸ್ ಎಂದು ತಿಳಿದು ಕೈಗೆ ಕಬ್ಬಿಣದ ಬೀಗದಕೈ ಹಿಡಿಸುವುದು ಸಾಮಾನ್ಯ. ಬಿದ್ದವನು ಅಷ್ಟರಲ್ಲಿ ತಾನಾಗಿಯೇ ಎದ್ದುಬಿಡುವುದರಿಂದ ಬೀಗದಕೈಗೆ ಬಂದ ಕೀರ್ತಿ ಗಟ್ಟಿಯಾಗುತ್ತ ಹೋಗುತ್ತದೆ, ರೋಗ ಮಾತ್ರ ಒಳಗೇ ಉಳಿಯುತ್ತದೆ. ಅದೇ ಹೊತ್ತಿನಲ್ಲಿ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಗಡಿಯಾರ ನೋಡಿ ಒಂದು ಪೂರ್ತಿ ನಿಮಿಷ ನಾಡಿ ಎಣಿಸಿದವರಿದ್ದರೆ, ಎಣಿಕೆ 40ಕ್ಕಿಂತ ಕೆಳಗಿದ್ದುದನ್ನು ಅವರು ಕಂಡಿರುತ್ತಿದ್ದರು. ಇದಕ್ಕೆ ಯಂತ್ರ ಬೇಡ, ಆಶಾ ಕಾರ್ಯಕರ್ತೆಯೋ ಮನೆಯ ಕಾಲೇಜು ಹುಡುಗಿಯೋ ಮಾಡಬಹುದಾದ ಕೆಲಸ. ಆದರೆ ನಿಧಾನ ನಾಡಿಯೆಲ್ಲ ರೋಗವೂ ಅಲ್ಲ: ದಿನವಿಡೀ ಹೊಲದಲ್ಲಿ ದುಡಿಯುವ ಗಟ್ಟಿ ಆಳಿನ ಹೃದಯ, ಓಟಗಾರನ ಹೃದಯ ವಿಶ್ರಾಂತಿಯಲ್ಲಿ 50ರ ಆಸುಪಾಸಿನಲ್ಲಿ ಮಿಡಿದರೂ ಸುಖವಾಗಿರುತ್ತದೆ. ನಿಧಾನ ನಾಡಿಯ ಜೊತೆಗೆ ರಕ್ತದೊತ್ತಡ ಕುಸಿದಿದೆಯೇ, ಪ್ರಜ್ಞೆ ಮಸುಕಾಗಿದೆಯೇ, ಮೈ ತಣ್ಣಗೆ ಬೆವರುತ್ತಿದೆಯೇ, ಎದೆನೋವೋ ಏದುಸಿರೋ ಇದೆಯೇ ಎಂಬುದನ್ನು ನೋಡಿಯೇ ತುರ್ತನ್ನು ಅಳೆಯಬೇಕು.

ಆಸ್ಪತ್ರೆಯಲ್ಲಿ ಮೊದಲು ಇಸಿಜಿ ತೆಗೆದು, ಆಮ್ಲಜನಕ ಬೇಕಿದ್ದರೆ ಕೊಟ್ಟು, ಕೈಗೆ ಡ್ರಿಪ್ ಹಾಕಿ, ಅಟ್ರೋಪಿನ್ ಒಂದು ಮಿಲಿಗ್ರಾಂ ಕೊಡುತ್ತಾರೆ. ಮೂರರಿಂದ ಐದು ನಿಮಿಷಕ್ಕೊಮ್ಮೆ ಮರುಕಳಿಸಿ ಒಟ್ಟು ಮೂರು ಮಿಲಿಗ್ರಾಂವರೆಗೆ ಹೋಗಬಹುದು ಎಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿಗಳ ಕ್ರಮ. ತೂಬಿನ ಮಟ್ಟದ ತಡೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ತೂಬಿನ ಕೆಳಗಿನ ನಾಲೆಗಳೇ ಒಡೆದಿದ್ದರೆ ಅಷ್ಟಾಗಿ ಮಾಡುವುದಿಲ್ಲ. ಆಗ ಉಳಿಯುವ ದಾರಿ ಎರಡು: ಡೋಪಮಿನ್ ಅಥವಾ ಅಡ್ರಿನಲಿನ್ ಔಷಧವನ್ನು ಹನಿಹನಿಯಾಗಿ ಹರಿಸುವುದು, ಇಲ್ಲವೇ ಪೇಸಿಂಗ್. ಕುತ್ತಿಗೆಯ ಅಥವಾ ತೊಡೆಸಂದಿನ ಅಭಿಧಮನಿಯಿಂದ ತಂತಿಯೊಂದನ್ನು ಹೃದಯದ ಬಲ ಕೆಳಕೋಣೆಯವರೆಗೆ ತೂರಿಸಿ ಮಾಡುವ ತಾತ್ಕಾಲಿಕ ಪೇಸಿಂಗ್ ಹೆಚ್ಚು ನೆಚ್ಚಿಕೆಯದಾದರೂ ಅದಕ್ಕೆ ಪಳಗಿದ ಕೈ ಬೇಕು, ಎಕ್ಸ್‌ರೇ ಪರದೆಯ ನೆರವಿದ್ದರೆ ಒಳ್ಳೆಯದು, ಸೋಂಕಿನ ಮತ್ತು ಹೃದಯದ ಗೋಡೆಗೆ ರಂಧ್ರವಾಗುವ ಭಯವೂ ಇದೆ. ಚರ್ಮದ ಮೇಲಿನ ಪೇಸಿಂಗ್‌ಗೆ ಇವಾವುವೂ ಬೇಡ.

ಈ ವಿಧಾನದ ಹುಟ್ಟು ಅಮೆರಿಕದ ಬಾಸ್ಟನ್ ನಗರದ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ. ಅಲ್ಲಿಯ ಹೃದ್ರೋಗ ತಜ್ಞ ಪಾಲ್ ಝೋಲ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಸೇನಾ ಆಸ್ಪತ್ರೆಯೊಂದರಲ್ಲಿ ಸೈನಿಕರ ಹೃದಯಗಳಿಂದ ಡ್ವೈಟ್ ಹಾರ್ಕನ್ ಎಂಬ ಶಸ್ತ್ರವೈದ್ಯರು ಲೋಹದ ಚೂರುಗಳನ್ನು ತೆಗೆಯುವಾಗ ಜೊತೆಗಿದ್ದರು. ಮುಟ್ಟಿದರೆ ಸಾಕು ಹೃದಯ ಎಷ್ಟು ಬೇಗ ಮಿಡಿದುಬಿಡುತ್ತದೆ ಎಂಬುದು ಅವರ ಮನಸ್ಸಿನಲ್ಲಿ ಉಳಿಯಿತು. ಒಳಗಿನಿಂದ ಮುಟ್ಟಿದಾಗ ಮಿಡಿಯುವ ಹೃದಯ ಹೊರಗಿನಿಂದ ಕಳುಹಿಸಿದ ವಿದ್ಯುತ್ತಿಗೂ ಮಿಡಿಯಬೇಕಲ್ಲ ಎಂಬ ಯೋಚನೆ ಪ್ರಯೋಗಗಳಾಗಿ ಬೆಳೆದು, 1952ರಲ್ಲಿ ಇಬ್ಬರು ರೋಗಿಗಳ ಮೇಲೆ ಅವರು ಅದನ್ನು ಬಳಸಿದ ವರದಿ ಪ್ರಕಟವಾಯಿತು. ಮೊದಲನೆಯವರು ಬದುಕಲಿಲ್ಲ, ಎರಡನೆಯವರ ಹೃದಯವನ್ನು ಒಟ್ಟು 52 ಗಂಟೆಗಳ ಕಾಲ ಹೊರಗಿನ ತುಡಿತಗಳಿಂದ ನಡೆಸಿಕೊಟ್ಟ ಮೇಲೆ ಅದು ತನ್ನ ಮಿಡಿತವನ್ನು ತಾನೇ ಹಿಡಿಯಿತು, ಅವರು ಮನೆಗೆ ಹೋದರು. ಹೃದಯಕ್ಕೆ ಹೊರಗಿನಿಂದ ಮಿಡಿತ ಕೊಡಬಹುದು ಎಂಬುದು ಆ 52 ಗಂಟೆಗಳಲ್ಲಿ ಲೋಕಕ್ಕೆ ಮನವರಿಕೆಯಾಯಿತು.

ಆದರೆ ನೋವು ಬಹಳ, ಚರ್ಮ ಸುಡುವುದೂ ಇತ್ತು. ಯಂತ್ರ ಗೋಡೆಯ ವಿದ್ಯುತ್ತನ್ನೇ ನೆಚ್ಚಿಕೊಂಡಿತ್ತು. 1957ರ ಅಕ್ಟೋಬರ್ 31ರಂದು ಅಮೆರಿಕದ ಮಿನ್ನಿಯಾಪೊಲಿಸ್ ನಗರದಲ್ಲಿ ಕರೆಂಟು ಹೋದಾಗ, ಶಸ್ತ್ರಚಿಕಿತ್ಸೆಯ ಬಳಿಕ ಪೇಸ್‌ಮೇಕರ್‌ಗೆ ಜೋಡಿಸಿದ್ದ ಮಕ್ಕಳ ಜೀವಕ್ಕೇ ಸಂಚಕಾರ ಬಂದಿತು. ಶಸ್ತ್ರವೈದ್ಯ ವಾಲ್ಟನ್ ಲಿಲ್ಲೆಹೈ ಅವರು ವಿದ್ಯುತ್ ಉಪಕರಣಗಳ ತಜ್ಞ ಅರ್ಲ್ ಬಾಕನ್ ಅವರನ್ನು ಕೇಳಿಕೊಂಡ ಮೇಲೆ, ಕೆಲವೇ ವಾರಗಳಲ್ಲಿ ಬ್ಯಾಟರಿಯಿಂದ ನಡೆಯುವ, ಅಂಗೈಯಗಲದ ಪೇಸ್‌ಮೇಕರ್ ಸಿದ್ಧವಾಯಿತು. ಮರುವರ್ಷ, 1958ರ ಅಕ್ಟೋಬರ್‌ನಲ್ಲಿ, ಸ್ವೀಡನ್ನಿನಲ್ಲಿ ಆರ್ನೆ ಲಾರ್ಸನ್ ಎಂಬುವವರ ದೇಹದೊಳಗೇ ಮೊತ್ತಮೊದಲ ಪೇಸ್‌ಮೇಕರ್ ಇಡಲಾಯಿತು. ಲೋಡ್‌ಶೆಡ್ಡಿಂಗ್ ಎಂಬ ಪದವನ್ನು ಬಾಲ್ಯದಿಂದಲೇ ಕಲಿತ ರಾಯಚೂರು ಸೀಮೆಯ ಓದುಗರಿಗೆ, ಬ್ಯಾಟರಿ ಇಲ್ಲದ ಜೀವರಕ್ಷಕ ಯಂತ್ರದ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ತಂತಿಯ ಪೇಸಿಂಗ್ ಮುಂದುವರಿದಂತೆ ಚರ್ಮದ ಮೇಲಿನದು ಸುಮಾರು ಮೂರು ದಶಕ ಮೂಲೆ ಸೇರಿತ್ತು. 1980ರ ದಶಕದಲ್ಲಿ ಅದಕ್ಕೆ ಮರುಹುಟ್ಟು ಕೊಟ್ಟವರೂ ಅದೇ ಝೋಲ್: ಒಂದೆರಡು ಮಿಲಿಸೆಕೆಂಡಿನ ಚುಚ್ಚುವ ತುಡಿತದ ಬದಲು 40 ಮಿಲಿಸೆಕೆಂಡಿನ ಸಾವಧಾನದ ತುಡಿತ, ಸಣ್ಣ ಲೋಹದ ತಟ್ಟೆಯ ಬದಲು ಜೆಲ್ ಹಚ್ಚಿದ ಅಗಲವಾದ ಪ್ಯಾಡ್. ಚರ್ಮದ ನೋವಿನ ನರಗಳು ಚಿಕ್ಕ, ಚೂಪಾದ ತುಡಿತಕ್ಕೆ ಬೇಗ ಕೆರಳುತ್ತವೆ, ಹೃದಯದ ಸ್ನಾಯುವಿಗೆ ಉದ್ದನೆಯ ತುಡಿತ ಹಿಡಿಸುತ್ತದೆ ಎಂಬ ಒಂದು ಸರಳ ಅರಿವು ಹಳೆಯ ವಿಧಾನವನ್ನು ಸಹಿಸಬಲ್ಲ ಚಿಕಿತ್ಸೆಯಾಗಿಸಿತು.

ಇಂದು ಇದಕ್ಕೆ ಬೇರೆ ಯಂತ್ರ ಬೇಕಿಲ್ಲ. ಜನ 'ಶಾಕ್ ಕೊಡುವ ಮಷಿನ್' ಎಂದು ಕರೆಯುವ ಡಿಫಿಬ್ರಿಲೇಟರ್‌ಗಳ ಹಲವು ಮಾದರಿಗಳಲ್ಲಿ ಪೇಸರ್ ಎಂಬ ಗುಂಡಿಯೊಂದು ಇರುತ್ತದೆ. ಶಾಕ್ ಎಂಬುದು ಹುಚ್ಚೆದ್ದು ನಡುಗುವ ಹೃದಯವನ್ನು ಒಮ್ಮೆ ಗದರಿಸಿ ನಿಲ್ಲಿಸುವ ದೊಡ್ಡ ಹೊಡೆತ. ಪೇಸಿಂಗ್‌ನ ಒಂದು ತುಡಿತದಲ್ಲಿ ಅದರ ನೂರರಲ್ಲೊಂದು ಪಾಲಿನಷ್ಟೂ ಶಕ್ತಿ ಇರುವುದಿಲ್ಲ, ಅದು ಹೃದಯವನ್ನು ಬೆನ್ನುತಟ್ಟಿ ಏಳಿಸುವ ಕೆಲಸ. ಎದೆಯ ಬೆವರನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ದಟ್ಟ ಕೂದಲಿದ್ದರೆ ಕತ್ತರಿಸಿ (ಬ್ಲೇಡಿನಿಂದ ಕೆರೆದರೆ ಗೀರಿದ ಚರ್ಮ ಉರಿಯುತ್ತದೆ), ಒಂದು ಪ್ಯಾಡನ್ನು ಎದೆಮೂಳೆಯ ಎಡಕ್ಕೆ, ಇನ್ನೊಂದನ್ನು ಬೆನ್ನಿನಲ್ಲಿ ಎಡ ಹೆಗಲಮೂಳೆಯ ಕೆಳಗೆ, ಹೃದಯ ಎರಡರ ನಡುವೆ ಬರುವಂತೆ, ಅಂಚಿನಿಂದ ಒತ್ತುತ್ತ ಗಾಳಿ ಉಳಿಯದಂತೆ ಅಂಟಿಸುತ್ತಾರೆ. ಇದರ ಜೊತೆಗೆ ಇಸಿಜಿಯ ಮೂರು ಸಣ್ಣ ತಂತಿಗಳನ್ನೂ ಬೇರೆಯಾಗಿ ಹಚ್ಚಬೇಕು. ಹೃದಯ ತಾನಾಗಿ ಮಿಡಿದಾಗ ಯಂತ್ರ ಸುಮ್ಮನಿದ್ದು, ಮಿಡಿಯದಾಗ ಮಾತ್ರ ತುಡಿತ ಕೊಡುವ ಡಿಮ್ಯಾಂಡ್ ಎಂಬ ವ್ಯವಸ್ಥೆಗೆ ಆ ತಂತಿಗಳೇ ಕಣ್ಣು. ವೇಗವನ್ನು ನಿಮಿಷಕ್ಕೆ 60ರಿಂದ 80ಕ್ಕೆ ಇಟ್ಟು, ವಿದ್ಯುತ್ ಪ್ರವಾಹವನ್ನು ಮಿಲಿ ಆಂಪಿಯರ್ ಲೆಕ್ಕದಲ್ಲಿ ಹಂತಹಂತವಾಗಿ ಏರಿಸುತ್ತ ಹೋಗುತ್ತಾರೆ. ಪರದೆಯ ಮೇಲೆ ಪ್ರತಿ ತುಡಿತಕ್ಕೂ ಒಂದು ನೆಟ್ಟನೆಯ ಗೆರೆ ಕಾಣುತ್ತದೆ. ಮೊದಮೊದಲು ಆ ಗೆರೆಗಳು ಒಂಟಿಯಾಗಿ ನಿಂತಿರುತ್ತವೆ. ಪ್ರವಾಹ ಒಂದು ಮಟ್ಟಕ್ಕೆ ಏರಿದಾಗ, ಬಹಳ ಮಂದಿಯಲ್ಲಿ ಇದು 40ರಿಂದ 80 ಮಿಲಿ ಆಂಪಿಯರ್‌ಗಳ ನಡುವೆ, ಪ್ರತಿ ಗೆರೆಯ ಬೆನ್ನಿಗೂ ಅಗಲವಾದ ಒಂದು ಅಲೆ ಎದ್ದು, ಅದರ ಹಿಂದೆ ಎತ್ತರದ ಇನ್ನೊಂದು ಅಲೆ ಬರುತ್ತದೆ. ಹೃದಯ ಯಂತ್ರದ ಮಾತಿಗೆ ಓಗೊಟ್ಟಿತು ಎಂಬುದರ ಗುರುತು ಅದು. ಇದನ್ನು ಕ್ಯಾಪ್ಚರ್ ಎನ್ನುತ್ತಾರೆ. ಆ ಮಟ್ಟಕ್ಕಿಂತ ಸ್ವಲ್ಪ ಮೇಲೆ ಪ್ರವಾಹವನ್ನು ನಿಲ್ಲಿಸಿದರೆ ವಾಹನದ ಕುಲುಕಾಟದಲ್ಲೂ ಹಿಡಿತ ತಪ್ಪುವುದಿಲ್ಲ.

ಪರದೆಯನ್ನಷ್ಟೇ ನಂಬಿದವರು ಮೋಸಹೋಗುವುದು ಇಲ್ಲಿಯೇ. ತುಡಿತಕ್ಕೆ ಎದೆಯ ಸ್ನಾಯುಗಳೂ ಅದುರುವುದರಿಂದ ಆ ಅದುರುವಿಕೆಯೇ ಪರದೆಯ ಮೇಲೆ ಅಲೆಯ ಸೋಗು ಹಾಕಿ ಕಾಣಿಸಿಕೊಳ್ಳಬಲ್ಲದು. ರೋಗಿಯ ಮೈ ತಾಳಬದ್ಧವಾಗಿ ಕುಲುಕುತ್ತಿದ್ದರೂ ಹೃದಯ ರಕ್ತವನ್ನು ನೂಕುತ್ತಿರುವುದಿಲ್ಲ. ಕುತ್ತಿಗೆಯಲ್ಲಿ ನಾಡಿ ನೋಡುವುದೂ ಸಲ್ಲದು, ಅಲ್ಲಿಯ ಸ್ನಾಯುಗಳ ಅದುರು ಬೆರಳಿಗೆ ನಾಡಿಯಂತೆಯೇ ತಾಕುತ್ತದೆ. ತೊಡೆಸಂದಿನಲ್ಲಿ, ಹೊಟ್ಟೆಯೂ ಕಾಲೂ ಕೂಡುವ ಮಡಿಕೆಯ ನಡುವಿನಲ್ಲಿ, ಬೆರಳುಗಳನ್ನು ಒತ್ತಿಟ್ಟು ಪರದೆಯ ಗೆರೆಯನ್ನೂ ಬೆರಳಿನ ತುಡಿತವನ್ನೂ ಒಂದೊಂದಾಗಿ ಹೊಂದಿಸಿ ನೋಡಬೇಕು. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರಿನ ಅಲೆಯೂ ಅದೇ ಎಣಿಕೆಗೆ ಬಂದರೆ, ರಕ್ತದೊತ್ತಡ ಏರಿ ರೋಗಿ ಕಣ್ತೆರೆದು ಮಾತಾಡಿದರೆ, ಆಗ ಮಾತ್ರ ಪೇಸಿಂಗ್ ಆಯಿತೆಂದು ಹೇಳಬಹುದು. ಈ ಒಂದು ಪರೀಕ್ಷೆಯನ್ನು ಕೈಗೆ ಅಭ್ಯಾಸ ಮಾಡಿಸದ ತರಬೇತಿ ಎಷ್ಟೇ ದಿನ ನಡೆದರೂ ಅರ್ಧ ತರಬೇತಿಯೇ.

ಪ್ರಜ್ಞೆ ಮರಳಿದ ರೋಗಿಗೆ ಪ್ರತಿ ಸೆಕೆಂಡಿಗೊಮ್ಮೆ ಎದೆಯನ್ನು ಯಾರೋ ಗುದ್ದಿದಂತಾಗುತ್ತದೆ. ಆದ್ದರಿಂದ ರಕ್ತದೊತ್ತಡ ನೋಡಿಕೊಂಡು ನೋವುನಿವಾರಕವನ್ನೂ ಮಂಪರಿನ ಔಷಧವನ್ನೂ ಸಣ್ಣ ಪ್ರಮಾಣದಲ್ಲಿ ಕೊಡುವುದು ಈ ಚಿಕಿತ್ಸೆಯ ಭಾಗವೇ ಹೊರತು ಔದಾರ್ಯವಲ್ಲ. ಬಾಗಿಲ ಬಳಿ ನಿಂತ ಮನೆಯವರಿಗೆ ತಮ್ಮ ಹಿರಿಯರ ಮೈ ಕುಲುಕುವುದು ಕಂಡು 'ಕರೆಂಟ್ ಕೊಟ್ಟು ಹಿಂಸೆ ಮಾಡುತ್ತಿದ್ದಾರೆ' ಎನಿಸುವುದು ಸಹಜ. ಹೃದಯದ ತಾಳ ತಪ್ಪಿದೆ, ದೊಡ್ಡಾಸ್ಪತ್ರೆ ಮುಟ್ಟುವವರೆಗೆ ಹೊರಗಿನಿಂದ ತಾಳ ಹಾಕುತ್ತಿದ್ದೇವೆ, ನೋವಿಗೆ ಮದ್ದು ಕೊಟ್ಟಿದ್ದೇವೆ ಎಂದು ಅವರ ಭಾಷೆಯಲ್ಲಿ ಎರಡು ಮಾತು ಹೇಳಲು ಅರ್ಧ ನಿಮಿಷ ಸಾಕು.

ಇದರ ಮಿತಿಯನ್ನೂ ಅಷ್ಟೇ ಸ್ಪಷ್ಟವಾಗಿ ತಿಳಿಯಬೇಕು. ಹೃದಯ ಸಂಪೂರ್ಣ ನಿಂತು, ಇಸಿಜಿ ಚಪ್ಪಟೆ ಗೆರೆಯಾದ ಮೇಲೆ ಪೇಸಿಂಗ್‌ನಿಂದ ಪ್ರಯೋಜನ ಕಂಡುಬಂದಿಲ್ಲ. ಅಮೆರಿಕದ ಸಿಯಾಟಲ್ ಸುತ್ತಮುತ್ತ ಆಂಬುಲೆನ್ಸ್ ಸಿಬ್ಬಂದಿ ಇದನ್ನು ಬಳಸಿ ನಡೆಸಿದ, 1993ರಲ್ಲಿ ಪ್ರಕಟವಾದ ಅಧ್ಯಯನದ ಮಾತೂ ಇದೇ ಆಗಿತ್ತು. ಅಲ್ಲಿ ಬೇಕಾದ್ದು ಎದೆ ಒತ್ತುವುದು, ಉಸಿರು ಕೊಡುವುದು, ಅಡ್ರಿನಲಿನ್. ಪೇಸಿಂಗ್ ಇರುವುದು ಇನ್ನೂ ಮಿಡಿಯುತ್ತಿರುವ, ಆದರೆ ಸಾಕಷ್ಟು ಮಿಡಿಯದ ಹೃದಯಕ್ಕೆ, ಅದೂ ಕಾರಣ ಸರಿಹೋಗುವವರೆಗೆ ಅಥವಾ ತಂತಿ ಹಾಕುವವರು ಸಿಗುವವರೆಗೆ.

ಕರ್ನಾಟಕದಲ್ಲಿ ತುರ್ತು ಹೃದಯ ಚಿಕಿತ್ಸೆಯ ಜಾಲ ಕಳೆದ ಕೆಲವು ವರ್ಷಗಳಲ್ಲಿ ತಾಲ್ಲೂಕುಗಳ ಕಡೆ ಚಾಚಿಕೊಂಡಿದೆ. 2008ರ ನವೆಂಬರ್ 1ರಂದು ಆರಂಭವಾದ ಆರೋಗ್ಯ ಕವಚ 108 ಆಂಬುಲೆನ್ಸ್ ಸೇವೆ ಈಗ ಮನೆಮಾತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅಕಾಲದಲ್ಲಿ ತೀರಿಕೊಂಡ ಬಳಿಕ ಅವರ ಹೆಸರಿನಲ್ಲಿ 2024ರಲ್ಲಿ ಮೊದಲಾದ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೆಲವೇ ನಿಮಿಷಗಳಲ್ಲಿ ದೂರದ ತಜ್ಞರ ಕಣ್ಣಿಗೆ ಬಿದ್ದು, ರಕ್ತದ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವ ಏರ್ಪಾಡಿದೆ. ಕರಾವಳಿಯಲ್ಲಿ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಮುಟ್ಟಿಸಿ, ವಾಟ್ಸ್‌ಆ್ಯಪ್‌ನಲ್ಲಿ ಸಲಹೆ ಸಿಗುವಂತೆ ಮಾಡಿದ ಕೆಲಸವೂ ಇದೇ ಜಾತಿಯದು. ಕಟ್ಟಿಕೊಂಡ ರಕ್ತನಾಳದ ಮೇಲೆ ಇಷ್ಟು ಗಮನ ಹರಿದಿರುವುದು ಸಂತೋಷದ ಸಂಗತಿ. ಅದೇ ಇಸಿಜಿಯ ಹಾಳೆಯಲ್ಲಿ ನಿಧಾನ ಹೃದಯವೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ ಎಂಬ ಕಾರಣಕ್ಕೆ, ಆ ಜಾಲಕ್ಕೆ ಪೇಸಿಂಗ್‌ನ ಕೊಂಡಿಯೊಂದನ್ನು ಸೇರಿಸುವುದು ದೊಡ್ಡ ಖರ್ಚಿನ ಮಾತೇನಲ್ಲ. ಡಿಫಿಬ್ರಿಲೇಟರ್ ಖರೀದಿಸುವಾಗ ಪೇಸರ್ ಇರುವ ಮಾದರಿಯನ್ನೇ ಕೇಳಬೇಕು. ಒಂದೇ ಸಲ ಬಳಸಬಹುದಾದ ಪ್ಯಾಡ್‌ಗಳು ಕನಿಷ್ಠ ಎರಡು ಜೊತೆ ಯಂತ್ರದ ಪಕ್ಕದಲ್ಲೇ ಇರಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ ನಿಂತ ವಾಹನದೊಳಗೆ ಪ್ಯಾಡಿನ ಜೆಲ್ ಒಣಗಿಬಿಡಬಹುದಾದ್ದರಿಂದ, ಪೊಟ್ಟಣದ ಮೇಲಿನ ಅವಧಿಯ ದಿನಾಂಕವನ್ನೂ ಬ್ಯಾಟರಿಯ ಚಾರ್ಜನ್ನೂ ಪ್ರತಿ ಪಾಳಿಯ ಶುಶ್ರೂಷಾಧಿಕಾರಿ ನೋಡಿ ಸಹಿ ಹಾಕುವ ಪದ್ಧತಿ ಬೇಕು. ಒಣಗಿದ ಪ್ಯಾಡ್ ಚರ್ಮವನ್ನು ಸುಡುತ್ತದೆ, ಹೃದಯವನ್ನು ಮುಟ್ಟುವುದಿಲ್ಲ.

ಹೊರಡುವ ಮುನ್ನ ರೆಫರ್ ಚೀಟಿಯಲ್ಲಿ 'ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ' ಎಂಬ ರೂಢಿಯ ಸಾಲಿನ ಜೊತೆಗೆ ಕೆಲವು ಅಂಕಿಗಳಿರಬೇಕು: ಪೇಸಿಂಗ್ ಆರಂಭಿಸಿದ ಹೊತ್ತು, ಇಟ್ಟ ವೇಗ, ಎಷ್ಟು ಮಿಲಿ ಆಂಪಿಯರ್‌ಗೆ ಹೃದಯ ಓಗೊಟ್ಟಿತು, ಕೊಟ್ಟ ಅಟ್ರೋಪಿನ್ ಮತ್ತು ನೋವಿನ ಮದ್ದು ಎಷ್ಟು, ಪೇಸಿಂಗ್‌ಗೆ ಮೊದಲಿನ ಇಸಿಜಿ ಹಾಳೆಯ ಪ್ರತಿ. ಮುಂದಿನ ಆಸ್ಪತ್ರೆಗೆ ಹೊರಡುವಾಗಲೇ ಫೋನು ಮಾಡಿದರೆ ತಂತಿ ಹಾಕುವವರು ಸಿದ್ಧರಾಗಿರುತ್ತಾರೆ. ದಾರಿಯಲ್ಲಿ ಜೊತೆಗಿರುವವರ ಒಂದು ಕೈ ಆಗಾಗ ರೋಗಿಯ ತೊಡೆಸಂದಿಗೆ ಹೋಗಿ ನಾಡಿಯನ್ನು ನೋಡಬೇಕು. ಹಂಪ್ ಹಾರಿದಾಗ, ರೋಗಿ ಮಗ್ಗುಲು ಬದಲಿಸಿದಾಗ ಪ್ಯಾಡ್ ಸಡಿಲಿ ಹಿಡಿತ ತಪ್ಪಿದರೆ ಅದನ್ನು ಮೊದಲು ಹೇಳುವುದು ಆ ಬೆರಳುಗಳೇ. ದೊಡ್ಡಾಸ್ಪತ್ರೆಯಲ್ಲಿ ಅಭಿಧಮನಿಯ ಮೂಲಕ ತಂತಿ ಹೃದಯದ ಒಳಗೋಡೆಗೆ ತಾಕಿ, ಅದರ ತುಡಿತಕ್ಕೆ ಹೃದಯ ಓಗೊಡುವುದು ಖಚಿತವಾಗುವವರೆಗೆ ಪ್ಯಾಡ್‌ಗಳನ್ನು ಕೀಳುವುದಿಲ್ಲ. ಆ ಬಳಿಕ ತಡೆ ತಾನಾಗಿ ಬಿಟ್ಟರೆ ತಂತಿಯನ್ನೂ ತೆಗೆದು ಮನೆಗೆ ಕಳುಹಿಸುತ್ತಾರೆ, ಬಿಡದಿದ್ದರೆ ಕಾಲರ್ ಮೂಳೆಯ ಕೆಳಗೆ ಶಾಶ್ವತ ಪೇಸ್‌ಮೇಕರ್ ಇಡುತ್ತಾರೆ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯ ಚಿಕಿತ್ಸೆಗಳ ಪಟ್ಟಿಯಲ್ಲಿ ಅದೂ ಸೇರಿದೆ. ಎದೆಯ ಮೇಲೂ ಬೆನ್ನಿನ ಮೇಲೂ ಪ್ಯಾಡ್ ಅಂಟಿದ್ದ ಜಾಗದಲ್ಲಿ ಅಂಗೈಯಗಲದ ಎರಡು ಕೆಂಪು ಗುರುತುಗಳು ಮಾತ್ರ ಕೆಲವು ದಿನ ಉಳಿದು, ಮೆಲ್ಲಗೆ ಮಾಸಿಹೋಗುತ್ತವೆ.